ಕಡಲು ಮಿನುಗಿದ ರಾತ್ರಿಗಳು ಮತ್ತು ನಮ್ಮ ನದಿಗಳು

2020ರ ನವೆಂಬರ್ ತಿಂಗಳಲ್ಲಿ ಮಲ್ಪೆ, ಪಡುಕೆರೆ, ಮಟ್ಟು ತೀರಗಳಲ್ಲಿ ರಾತ್ರಿಯ ಅಲೆಗಳು ನೀಲಿಯಾಗಿ ಮಿನುಗತೊಡಗಿದಾಗ ಉಡುಪಿ, ಮಣಿಪಾಲ, ಕಾಪುಗಳಿಂದ ಜನರು ಮೊಬೈಲ್ ಹಿಡಿದು ಧಾವಿಸಿದರು. ಕೊರೋನಾದ ದಿನಗಳಲ್ಲಿ ಮನೆಯೊಳಗೆ ಬಸವಳಿದಿದ್ದವರಿಗೆ ಅದೊಂದು ಹಬ್ಬವೇ ಆಯಿತು. ಸೃಷ್ಟಿಯ ಸೋಜಿಗಕ್ಕೆ ಬೆರಗಾಗುವುದು ಸಹಜ, ಅಪೇಕ್ಷಣೀಯವೂ ಹೌದು. ಆದರೆ ಬೆರಗು ಭಾವಚಿತ್ರಕ್ಕೆ ಮುಗಿದುಹೋಯಿತು. ಬೆಳಕಿನ ಮೂಲವೇನು, ಅದರ ಕೆಳಗಿನ ನೀರಿನಲ್ಲಿ ಏನಾಗುತ್ತಿದೆ ಎಂದು ಕೇಳಿದವರು ವಿರಳ.

ಆ ಬೆಳಕು ನಾಕ್ಟಿಲೂಕಾ ಸಿಂಟಿಲಾನ್ಸ್ ಎಂಬ ಏಕಕೋಶ ಜೀವಿಯದು. ಸಾಸಿವೆಗಿಂತಲೂ ಸಣ್ಣದಾದ ಇದು ಅಲೆಯ ಹೊಡೆತಕ್ಕೆ ಸಿಕ್ಕಾಗ ಮಿಂಚುತ್ತದೆ. ಕೋಟಿಗಟ್ಟಲೆ ಸಂಖ್ಯೆಯಲ್ಲಿ ಹಬ್ಬಿದರೆ ಹಗಲಿನಲ್ಲಿ ನೀರು ಕೆಂಪಾಗಿಯೋ ಹಸಿರಾಗಿಯೋ ತೋರುತ್ತದೆ. ಇದು ವಿಷಕಾರಿಯಲ್ಲ. ಆದರೆ ತನ್ನೊಳಗೆ ಅಮೋನಿಯಾವನ್ನು ಕೂಡಿಟ್ಟುಕೊಳ್ಳುತ್ತದೆ. ಮೀನಿನ ಮೊಟ್ಟೆಗಳನ್ನೂ ಡಯಾಟಮ್ ಎಂಬ ಸೂಕ್ಷ್ಮ ಪಾಚಿಗಳನ್ನೂ ನುಂಗುತ್ತದೆ. ನಮ್ಮ ಬೂತಾಯಿ ಮೀನು ಬದುಕುವುದೂ ಬಹುಪಾಲು ಅದೇ ಡಯಾಟಮ್‌ಗಳನ್ನು ತಿಂದು. ಕೊನೆಗೆ ಈ ರಾಶಿ ಸತ್ತು ಕೊಳೆಯುವಾಗ ನೀರಿನ ಆಮ್ಲಜನಕ ಬತ್ತುತ್ತದೆ. ಈಜಿ ಪಾರಾಗಬಲ್ಲ ಮೀನು ದೂರ ಸರಿಯುತ್ತದೆ, ತಳಕ್ಕೆ ಅಂಟಿಕೊಂಡ ಜೀವಿಗೆ ಆ ಅವಕಾಶವಿಲ್ಲ.

ಇದು ಹೊಸತೇನಲ್ಲ. 1950ರಲ್ಲಿಯೇ ಭೀಮಾಚಾರ್ ಮತ್ತು ಜಾರ್ಜ್ ಎಂಬ ವಿಜ್ಞಾನಿಗಳು ಮಲಬಾರ್ ಹಾಗೂ ಕೆನರಾ ಕರಾವಳಿಯ ಮೀನುಗಾರಿಕೆ ಹಠಾತ್ತನೆ ಕುಸಿಯುವುದಕ್ಕೆ ‘ಕೆಂಪು ನೀರು’ ಕಾರಣವಿರಬಹುದೆಂದು ಪ್ರಬಂಧ ಬರೆದಿದ್ದರು. ಅದಕ್ಕೂ ಹಿಂದೆ, 1917ರಲ್ಲಿ, ಮದ್ರಾಸ್ ಪ್ರಾಂತ್ಯದ ಮೀನುಗಾರಿಕೆಯ ಅಧಿಕಾರಿ ಜೇಮ್ಸ್ ಹಾರ್ನೆಲ್ ಸಮುದ್ರದ ಮೀನುಗಳ ಸಾಮೂಹಿಕ ಸಾವಿಗೆ ಇಂತಹ ಸೂಕ್ಷ್ಮಜೀವಿಗಳ ನಂಟನ್ನು ದಾಖಲಿಸಿದ್ದರು. ಆಗ ಮಣಿಪಾಲದಲ್ಲಿ ಬಹುಮಹಡಿ ಕಟ್ಟಡಗಳಿರಲಿಲ್ಲ. ಆದ್ದರಿಂದ ಕಡಲು ಬಣ್ಣ ಬದಲಿಸಿದಾಗಲೆಲ್ಲ ಅದನ್ನು ಮನುಷ್ಯನ ಅಪರಾಧವೆಂದೋ ದೈವಿಕ ಶಿಕ್ಷೆಯೆಂದೋ ಘೋಷಿಸುವ ಆತುರ ನಮಗೆ ಬೇಡ. ಮಳೆಗಾಲದ ಗಾಳಿಯು ಆಳದ ತಣ್ಣೀರನ್ನು ಮೇಲೆತ್ತುವಾಗ ಪೋಷಕಾಂಶಗಳೂ ಮೇಲೆ ಬರುತ್ತವೆ. ಪಾಚಿ ಹಬ್ಬುತ್ತದೆ, ಅದನ್ನು ತಿನ್ನುವ ಜೀವಿಗಳೂ ಹೆಚ್ಚುತ್ತವೆ. ಮೀನಿನ ಸಮೃದ್ಧಿಗೂ ಅದೇ ಕಾರಣ.

ಹಾಗಾದರೆ ನಮ್ಮ ಪಾಲು ಯಾವುದು? ನಿಸರ್ಗ ಅಳತೆ ಮಾಡಿ ಬಡಿಸುವ ಸಾರಜನಕ, ರಂಜಕಗಳನ್ನು ನಾವು ಅಳತೆಯಿಲ್ಲದೆ ಸುರಿಯುತ್ತಿದ್ದೇವೆ. ಕಾರ್ಕಳದ ಘಟ್ಟದ ತಪ್ಪಲಿನಿಂದ ಇಳಿಯುವ ಸ್ವರ್ಣಾ ನದಿ ಬಜೆ ಅಣೆಕಟ್ಟಿನಲ್ಲಿ ಉಡುಪಿ, ಮಣಿಪಾಲಗಳ ದಾಹ ತಣಿಸಿ, ಕೋಡಿಬೆಂಗ್ರೆಯ ಬಳಿ ಸೀತಾ ನದಿಯೊಡನೆ ಕಡಲು ಸೇರುತ್ತದೆ. ದಾರಿಯ ತೋಟ, ಗದ್ದೆಗಳಲ್ಲಿ ಗಿಡ ಹೀರದೆ ಉಳಿದ ಗೊಬ್ಬರ ಮಳೆಯೊಂದಿಗೆ ಅದೇ ಹಾದಿ ಹಿಡಿಯುತ್ತದೆ. ಉಡುಪಿಯ ಇಂದ್ರಾಣಿ ನದಿಗೆ ನಗರದ ಕೊಳಚೆ ಸೇರುತ್ತಿದೆ ಎಂಬ ದೂರು ಹಲವು ವರ್ಷಗಳದು. ಕುರ್‌ಆನಿನ ಅರ್ರೂಮ್ ಅಧ್ಯಾಯದ 41ನೇ ಸೂಕ್ತವು ಮನುಷ್ಯನ ಕೈಗಳ ಕೃತ್ಯವನ್ನು ಹೇಳುವಾಗ ನೆಲದ ಜೊತೆಗೆ ಕಡಲನ್ನೂ ಹೆಸರಿಸುತ್ತದೆ. ಪ್ರವಾದಿಯವರು(ಸ) ನಿಂತ ನೀರಿನಲ್ಲಿ ಮೂತ್ರ ವಿಸರ್ಜಿಸುವುದನ್ನೇ ತಡೆದರು. ವುಝೂವಿನ ನೀರು ಶುದ್ಧವೇ ಎಂದು ಸೂಕ್ಷ್ಮವಾಗಿ ವಿಚಾರಿಸುವ ನಾವು, ಮದುವೆಯ ಸಭಾಂಗಣದ ಹಿಂಬದಿಯಿಂದ ತೋಡಿಗೆ ಇಳಿಯುವ ನೀರಿನ ಬಗ್ಗೆ ಏಕೆ ವಿಚಾರಿಸುವುದಿಲ್ಲ?

ಇನ್ನೊಂದು ವಿಷಯ ನೇರವಾಗಿ ನಮ್ಮ ತಟ್ಟೆಗೆ ಸಂಬಂಧಿಸಿದ್ದು. ನಾಕ್ಟಿಲೂಕಾ ವಿಷಕಾರಿಯಲ್ಲವಾದರೂ ಅದರ ಬಂಧುಗಳಲ್ಲಿ ಕೆಲವು ಸ್ಯಾಕ್ಸಿಟಾಕ್ಸಿನ್ ಎಂಬ ಘೋರ ವಿಷವನ್ನು ಉತ್ಪಾದಿಸುತ್ತವೆ. ನೀರನ್ನು ಸೋಸಿ ತಿನ್ನುವ ಮರುವಾಯಿ, ಪಚ್ಚಿಲೆಗಳು ಆ ವಿಷವನ್ನು ತಮ್ಮ ಮಾಂಸದಲ್ಲಿ ಸಂಗ್ರಹಿಸುತ್ತವೆ. 1983ರಲ್ಲಿ ಮಂಗಳೂರಿನ ದಕ್ಷಿಣಕ್ಕಿರುವ ಕುಂಬಳೆಯ ಅಳಿವೆಯ ಮರುವಾಯಿ ತಿಂದು ಹಲವರು ಆಸ್ಪತ್ರೆ ಸೇರಿದರು, ಒಬ್ಬ ಬಾಲಕ ಮೃತಪಟ್ಟ. 1997ರಲ್ಲಿ ಕೇರಳದ ವಿಳಿಂಜಂನಲ್ಲಿ ಏಳು ಜೀವಗಳು ಹೋದವು. ಈ ವಿಷ ಬೇಯಿಸಿದರೆ ನಾಶವಾಗದು. ಮಸಾಲೆ, ಹುಳಿ, ತೆಂಗಿನಕಾಯಿ ಯಾವುದೂ ಅದನ್ನು ತಡೆಯದು. ಇದಕ್ಕೆ ಪ್ರತಿವಿಷವಿಲ್ಲ. ತುಟಿ, ನಾಲಿಗೆ ಜುಮ್ಮೆನ್ನತೊಡಗಿದರೆ ತಡಮಾಡದೆ ಆಸ್ಪತ್ರೆಗೆ ಹೋಗಬೇಕು, ಏಕೆಂದರೆ ಮುಂದಿನ ಅಪಾಯ ಉಸಿರಾಟಕ್ಕೆ.

ಚಿಪ್ಪುಜೀವಿಗಳನ್ನು ತಿನ್ನಬಹುದೇ ಎಂಬ ಕರ್ಮಶಾಸ್ತ್ರದ ಚರ್ಚೆ ನಮ್ಮಲ್ಲಿ ಧಾರಾಳವಾಗಿ ನಡೆಯುತ್ತದೆ. ಹನಫಿಗಳು ಬೇಡವೆನ್ನುತ್ತಾರೆ, ಶಾಫಿಈಗಳು ಕಡಲ ಆಹಾರದ ವಿಷಯದಲ್ಲಿ ಉದಾರಿಗಳು. ಆ ಚರ್ಚೆ ಅಲ್ಲಿರಲಿ. ಕುರ್‌ಆನ್ ಹಲಾಲ್ ಎಂಬುದರ ಜೊತೆಗೆ ತಯ್ಯಿಬ್, ಅಂದರೆ ಉತ್ತಮ, ಹಿತಕರ ಎಂಬ ಶಬ್ದವನ್ನೂ ಬಳಸಿದೆ. ವಿಷವಿರುವ ನೀರಿನ ಮರುವಾಯಿ ಯಾವ ಮದ್‌ಹಬ್‌ನಲ್ಲಿಯೂ ಹಿತಕರವಾಗದು.

ಅಳಿವೆಗಳ ಚಿಪ್ಪುಜೀವಿಗಳನ್ನು ನಿಯತವಾಗಿ ಪರೀಕ್ಷಿಸಿ, ಅಪಾಯದ ದಿನಗಳಲ್ಲಿ ಕೊಯ್ಲು ನಿಲ್ಲಿಸುವ ವ್ಯವಸ್ಥೆಯನ್ನು ಹಲವು ದೇಶಗಳು ನಡೆಸುತ್ತಿವೆ. ಅದನ್ನು ಇಲ್ಲಿಯೂ ಕೇಳುವ ಹಕ್ಕು ನಮಗಿದೆ. ಅಳಿವೆಯಲ್ಲಿ ಸೊಂಟಮಟ್ಟದ ನೀರಿಗಿಳಿದು ಮರುವಾಯಿ ಹೆಕ್ಕುವ ಬಡವರು ಪ್ರಯೋಗಾಲಯದ ವರದಿಯನ್ನು ಓದುವವರಲ್ಲ. ಅವರಿಗೆ ಎಚ್ಚರಿಕೆ ತಲುಪಬೇಕಾದದ್ದು ತುಳುವಿನಲ್ಲಿ, ಬ್ಯಾರಿಯಲ್ಲಿ, ಬಂದರಿನ ಧ್ವನಿವರ್ಧಕದಲ್ಲಿ, ಅಗತ್ಯಬಿದ್ದರೆ ಜುಮುಅ ನಮಾಝಿನ ನಂತರದ ಪ್ರಕಟಣೆಯಲ್ಲಿ. ನೀರು ಕೆಂಪಾದ ವಾರ ಅಳಿವೆಯ ಮರುವಾಯಿ ಬೇಡ ಎಂಬ ಒಂದು ವಾಕ್ಯಕ್ಕೆ ಅರ್ಧ ನಿಮಿಷವೂ ಬೇಕಾಗದು.