ಯಂತ್ರಕ್ಕೆ ಬಾಯಿದೆ, ಕನ್ನಡ ಬರೋಲ್ಲ!

ಐಟಿಐ ಮುಗಿಸಿ ಕಾರ್ಖಾನೆಯ ಗೇಟು ಹೊಕ್ಕ ಗೆಳೆಯಾ, ಇದು ನಿನಗೇ ಬರೆದದ್ದು.

ಮದ್ದೂರು ಕಡೆಯ ಒಂದು ಕಾರ್ಖಾನೆ. ಹೆಸರು ಬೇಡ. ಕಬ್ಬು ಅರೆಯುವ ಕಾಲ, ರಾತ್ರಿ ಪಾಳಿ. ಪರದೆಯ ಮೇಲೆ ಇದ್ದಕ್ಕಿದ್ದಂತೆ ಇಂಗ್ಲಿಷಿನ ಕೆಂಪು ಪಟ್ಟಿ: ‘ಕಮ್ಯುನಿಕೇಷನ್ ಎರರ್, ಸ್ಟೇಷನ್ 3’. ಅಂಕಿಗಳು ಇದ್ದಲ್ಲೇ ನಿಂತವು. ಮುಂದೆ ಕೂತಿದ್ದವನು ಮಳವಳ್ಳಿ ಹುಡುಗ. ಯಂತ್ರವೇ ನಿಂತಿತೆಂದು ಸಿಕ್ಕಿಕೊಂಡ ಕಬ್ಬು ಬಿಡಿಸಲು ಎದ್ದು ಹೊರಟ. ಹಿರಿಯ ಕೆಲಸಗಾರರೊಬ್ಬರು ರಟ್ಟೆ ಹಿಡಿದು ಎಳೆದರು. “ಲೇ, ಓಡ್ತಾ ಅದೆ ಕಣ್ಲಾ!”

ಸತ್ತದ್ದು ಯಂತ್ರವಲ್ಲ, ಪರದೆಗೂ ಪಿಎಲ್‌ಸಿಗೂ ನಡುವಿನ ಮಾತು. ಪಿಎಲ್‌ಸಿ ತನ್ನ ಪಾಡಿಗೆ ಮೋಟಾರು ಓಡಿಸುತ್ತಲೇ ಇರಬಹುದು. ಪರದೆ ಕೊನೆಯ ಅಂಕಿಯನ್ನೇ ತೋರಿಸುತ್ತಾ ಸುಳ್ಳು ಹೇಳಬಹುದು. ಇದನ್ನು ಆ ಹುಡುಗನಿಗೆ ಯಾರೂ ಹೇಳಿರಲಿಲ್ಲ. ಬರೆದದ್ದಿತ್ತು, ಇಂಗ್ಲಿಷಿನಲ್ಲಿ, ಬೀಗ ಹಾಕಿದ ಬೀರುವಿನಲ್ಲಿ!

ಬೆಳಿಗ್ಗೆ ಬೆಂಗಳೂರಿನಿಂದ ಇಂಜಿನಿಯರ್ ಬಂದ. ಅದುರಿ ಅದುರಿ ಸಡಿಲವಾಗಿದ್ದ ಒಂದು ಕನೆಕ್ಟರ್ ಒತ್ತಿ ತಿರುಪು ಬಿಗಿದ. ಮುಗಿಯಿತು! ಅಷ್ಟರಲ್ಲಿ ಲಾರಿಗಳು ರಸ್ತೆವರೆಗೆ ಸಾಲುಗಟ್ಟಿದ್ದವು. ಕಡಿದ ಕಬ್ಬು ಗಂಟೆಗಂಟೆಗೂ ತೂಕ ಕಳೆದುಕೊಳ್ಳುತ್ತದೆ. ಯಾರ ಮನೆ ಗಂಟು ಹೋಯಿತು? ರೈತನದು.

1902ರಲ್ಲೇ ಶಿವನಸಮುದ್ರದಿಂದ ಕೋಲಾರದ ಚಿನ್ನದ ಗಣಿಗೆ ವಿದ್ಯುತ್ ಕಳಿಸಿದ್ದು ಇದೇ ಮಳವಳ್ಳಿಯ ನೆಲ. 1933ರಲ್ಲಿ ಮೈಸೂರು ಸಕ್ಕರೆ ಕಂಪನಿ ಹುಟ್ಟಿದ್ದು ಮಂಡ್ಯದಲ್ಲಿ. ಯಂತ್ರ ನಮಗೆ ಹೊಸದೇ?

ಆ ಇಂಜಿನಿಯರ್ ಮಾಡುವುದೂ ಬ್ರಹ್ಮವಿದ್ಯೆಯೇನಲ್ಲ, ಕೇಳು. ಮೊದಲು ಪಿಎಲ್‌ಸಿಯ ‘ರನ್’ ದೀಪ ನೋಡು. ಈಥರ್ನೆಟ್ ಆದರೆ ಕೇಬಲ್ ಸಿಕ್ಕಿಸಿದ ಕಡೆಯ ಪುಟ್ಟ ದೀಪ ನೋಡು. ಆರಿದ್ದರೆ ಕೇಬಲ್ಲೋ, ಸ್ವಿಚ್ಚೋ ಕೈಕೊಟ್ಟಿದೆ. ಉರಿಯುತ್ತಿದ್ದರೆ ವಿಳಾಸ ನೋಡು. ಪರದೆ 192.168.1.20, ಪಿಎಲ್‌ಸಿ 192.168.1.10, ಮಾಸ್ಕ್ 255.255.255.0 ಇದ್ದರೆ ಒಂದೇ ಬೀದಿಯ ಎರಡು ಮನೆ. ಎರಡಕ್ಕೂ ಒಂದೇ ವಿಳಾಸ ಕೊಟ್ಟರೆ? ಟಪಾಲು ಹಾಳು! ಹೊಸ ಪರದೆ ಕೂರಿಸಿದ ಮೇಲೆ ಆಗುವ ಎಡವಟ್ಟು ಇದು. ಆರ್‌ಎಸ್-485 ತಂತಿಯಾದರೆ ಎ, ಬಿ ಅದಲುಬದಲಾಗಿದೆಯೇ, ಒಂದು ಕಡೆ 9600 ಇನ್ನೊಂದು ಕಡೆ 19200 ವೇಗವಿದೆಯೇ, ಪ್ಯಾರಿಟಿ, ಸ್ಟೇಷನ್ ಸಂಖ್ಯೆ ಕೂಡುತ್ತವೆಯೇ, ಸಾಲಿನ ಎರಡೂ ತುದಿಯಲ್ಲಿ 120 ಓಮ್ ಇದೆಯೇ ನೋಡು. ಆ ತಂತಿಯನ್ನು ಮೋಟಾರಿನ ಡ್ರೈವ್ ಕೇಬಲ್ ಜೊತೆ ಒಂದೇ ಕಟ್ಟಿನಲ್ಲಿ ಎಳೆದಿದ್ದರೆ ಮಾತು ಆಗಾಗ ಕಡಿಯುತ್ತದೆ.

ಇಷ್ಟನ್ನು ಕನ್ನಡದಲ್ಲಿ ಒಂದು ಹಾಳೆ ಬರೆದು ಪ್ಯಾನಲ್ ಬಾಗಿಲಿಗೆ ಅಂಟಿಸಲು ಯಾವ ವಿದೇಶಿ ತಜ್ಞ ಬೇಕು?

“ಪರದೆಯಲ್ಲಿ ಕನ್ನಡ ಬರೋಲ್ಲ” ಅನ್ನುತ್ತಾರೆ. ಬೊಗಳೆ! ಯುನಿಕೋಡ್‌ನಲ್ಲಿ ಕನ್ನಡ 1991ರಿಂದಲೂ ಇದೆ. ಹಳೆಯ ಸಣ್ಣ ಪರದೆಯಲ್ಲಿ ಒತ್ತಕ್ಷರ ಒಡೆಯುವುದು ನಿಜ. ಅಲ್ಲಿ ಅಕ್ಷರವನ್ನೇ ಚಿತ್ರ ಮಾಡಿ ಹಾಕಬಹುದು. ಅಲಾರಂ ಸಾಲುಗಳನ್ನು ಬರೆಯುವುದು ಇಲ್ಲೇ ಪ್ರೋಗ್ರಾಂ ಮಾಡುವ ಗುತ್ತಿಗೆದಾರ, ಸ್ವರ್ಗದಿಂದ ಇಳಿದವನಲ್ಲ.

ಕೇಳಬೇಕಾದ್ದನ್ನು ಗಟ್ಟಿಯಾಗಿ ಕೇಳು. ಪಿಎಲ್‌ಸಿ ಸೆಕೆಂಡಿಗೊಮ್ಮೆ ಒಂದು ಬಿಟ್ ಬದಲಿಸಲಿ. ಅದು ನಿಂತ ಕೂಡಲೇ ಪರದೆ ತುಂಬ ‘ಸಂಪರ್ಕ ಕಡಿದಿದೆ. ಅಂಕಿ ಹಳೆಯದು. ಯಂತ್ರ ಓಡುತ್ತಿರಬಹುದು, ಹತ್ತಿರ ಹೋಗಬೇಡಿ’ ಎಂದು ಬರಲಿ. ತುರ್ತು ನಿಲುಗಡೆ ಗುಂಡಿ ಪರದೆಯೊಳಗಲ್ಲ, ನೇರ ತಂತಿಯಲ್ಲೇ ಇರಲಿ.

ಮುಂದಿನ ಹಂಗಾಮಿಗೆ ಟೆಂಡರ್ ಕರೆಯುವ ಮುಂಚೆ ನಿನ್ನ ಪಾಳಿಯ ಇಂಗ್ಲಿಷ್ ಅಲಾರಂಗಳನ್ನೆಲ್ಲ ನೋಟ್‌ಬುಕ್ಕಿಗೆ ಇಳಿಸು, ಪಕ್ಕದಲ್ಲಿ ಕನ್ನಡ ಬರೆ, ಆಡಳಿತದ ಮೇಜಿನ ಮೇಲಿಟ್ಟು ಸ್ವೀಕೃತಿ ಸಹಿ ಹಾಕಿಸಿಕೊಂಡು ಬಾ.