ಕಂಬವಿಲ್ಲದೆ ನಿಲ್ಲುವ ವಿಮಾನ

ಮೂಡುಬಿದಿರೆಯವರಿಗೆ ಕಂಬಗಳ ಮಹಿಮೆ ಹೇಳಬೇಕಾಗಿಲ್ಲ. ನಾವು ಸಾವಿರ ಕಂಬದ ಬಸದಿಯ ಊರಿನವರು. ಈ ವಾರ ಒಂದು ಕಂಬವೂ ಇಲ್ಲದೆ ನಿಲ್ಲುವ ವಸ್ತುವಿನ ವಿಚಾರ ತಿಳಿಯೋಣ.

ಕೆಲವು ವರ್ಷಗಳ ಹಿಂದೆ ತರಗತಿಯಲ್ಲಿ ಎರಡು ಬಳೆಯಾಕಾರದ ಕಾಂತಗಳನ್ನು ಪೆನ್ಸಿಲಿಗೆ ಪೋಣಿಸಿ ತೋರಿಸಿದ್ದೆ. ಸಜಾತೀಯ ಧ್ರುವಗಳು ಎದುರಾದದ್ದರಿಂದ ಮೇಲಿನ ಕಾಂತ ತೇಲಿ ನಿಂತಿತು. "ಪೆನ್ಸಿಲ್ ತೆಗೆದರೆ ಏನಾಗುತ್ತದೆ ಸರ್?" ಎಂದು ಹಿಂದಿನ ಬೆಂಚಿನ ಹುಡುಗಿ ಕೇಳಿದಳು. ತೆಗೆದೆ. ಕಾಂತ ಮಗುಚಿ ಕೆಳಗಿನದಕ್ಕೆ ಅಂಟಿಕೊಂಡಿತು. "ಇನ್ನೂ ಬಲವಾದ ಕಾಂತ ಬೇಕು" ಎಂದುಬಿಟ್ಟೆ.

ಆ ಉತ್ತರ ತಪ್ಪು. ಶಾಶ್ವತ ಕಾಂತಗಳು ಎಷ್ಟೇ ಬಲವಾಗಿರಲಿ, ಅವುಗಳನ್ನು ಹೇಗೇ ಜೋಡಿಸಿ, ಇನ್ನೊಂದು ಕಾಂತವನ್ನು ಅವುಗಳಿಂದಲೇ ಅಲುಗದಂತೆ ತೇಲಿಸಿಡಲು ಆಗದು. ಇದರ ಹಿಂದಿನ ನಿಯಮವನ್ನು ಇಂಗ್ಲೆಂಡಿನ ಸ್ಯಾಮ್ಯುಯೆಲ್ ಅರ್ನ್‌ಷಾ 1842ರಲ್ಲೇ ಗಣಿತದಿಂದ ತೋರಿಸಿದ್ದರು.

"ಪೆನ್ಸಿಲ್ ತೆಗೆಯುವುದು ಹೇಗೆ?" ಎಂಬ ಪ್ರಶ್ನೆ ವಿಮಾನ ವಿಜ್ಞಾನಿಗಳಿಗೂ ಇದೆ. ಬೆಂಗಳೂರಿನ ಎನ್.ಎ.ಎಲ್.ನಲ್ಲಿ 1967ರಿಂದ 1.2 ಮೀಟರ್ ಅಳತೆಯ ದೊಡ್ಡದೊಂದು ಗಾಳಿ ಸುರಂಗವಿದೆ. ತೇಜಸ್ ವಿಮಾನದ, ಇಸ್ರೋ ರಾಕೆಟ್ಟುಗಳ ಪುಟ್ಟ ಮಾದರಿಗಳು ಅಲ್ಲಿ ಪರೀಕ್ಷೆಗೊಳಗಾಗಿವೆ. ಇಂಥ ಸುರಂಗಗಳಲ್ಲಿ ಸಾಮಾನ್ಯವಾಗಿ ಮಾದರಿಯ ಹಿಂಭಾಗಕ್ಕೆ ಉಕ್ಕಿನ ಸರಳನ್ನು ಸಿಕ್ಕಿಸಿ ನಿಲ್ಲಿಸುತ್ತಾರೆ. ಆದರೆ ಹಾರುವ ವಿಮಾನಕ್ಕೆ ಸರಳೆಲ್ಲಿದೆ? ಮಾದರಿಯ ಹಿಂದೆ ಸುಳಿಯುವ ಗಾಳಿಯ ಹರಿವನ್ನು ಸರಳು ಕದಡುತ್ತದೆ. ಅಳತೆಯಲ್ಲಿ ವಿಮಾನದ ಪಾಲೆಷ್ಟು, ಸರಳಿನ ಪಾಲೆಷ್ಟು ಎಂದು ಬೇರ್ಪಡಿಸಲು ವಿಜ್ಞಾನಿಗಳು ಪಡಿಪಾಟಲು ಪಡಬೇಕು.

ಇದಕ್ಕೊಂದು ಉಪಾಯವನ್ನು ಫ್ರಾನ್ಸಿನ ಒನೆರಾ ಸಂಸ್ಥೆ 1957ರಲ್ಲಿ ಮಾಡಿ ತೋರಿಸಿತು. ಮಾದರಿಯೊಳಗೆ ಕಬ್ಬಿಣದ ತಿರುಳು ಅಥವಾ ಕಾಂತ. ಸುರಂಗದ ಹೊರಗೆ ಸುತ್ತಲೂ ವಿದ್ಯುತ್ಕಾಂತಗಳು. ಮಾದರಿ ಎಲ್ಲಿದೆ ಎಂಬುದನ್ನು ಬೆಳಕಿನ ಕಿರಣಗಳು ಗಮನಿಸುತ್ತವೆ. ಅದು ಕೂದಲೆಳೆಯಷ್ಟು ಸರಿದರೂ ಸುರುಳಿಗಳ ವಿದ್ಯುತ್ತು ಬದಲಾಗಿ ಅದನ್ನು ಮತ್ತೆ ಜಾಗಕ್ಕೆ ತರುತ್ತದೆ. ಅಂಗೈ ಮೇಲೆ ಉದ್ದದ ಕೋಲನ್ನು ನಿಲ್ಲಿಸಿ ನೋಡಿ: ಕಣ್ಣು ನೋಡುತ್ತಿರಬೇಕು, ಕೈ ಸರಿಯುತ್ತಿರಬೇಕು. ಇಲ್ಲಿಯೂ ಅದೇ ತಂತ್ರ. ಅರ್ನ್‌ಷಾ ನಿಯಮ ಮುರಿಯಲಿಲ್ಲ. ಕಾಂತದ ಬಲವೇ ಕ್ಷಣಕ್ಷಣಕ್ಕೂ ಬದಲಾಗುವುದರಿಂದ ಆ ನಿಯಮ ಇಲ್ಲಿಗೆ ಅನ್ವಯಿಸುವುದಿಲ್ಲ, ಅಷ್ಟೆ.

ಇನ್ನೊಂದು ಲಾಭವೂ ಇದೆ. ಗಾಳಿ ಬೀಸಿದಾಗ ಮಾದರಿಯನ್ನು ಹಿಡಿದಿಡಲು ಎಷ್ಟು ಹೆಚ್ಚು ವಿದ್ಯುತ್ತು ಬೇಕಾಯಿತೆಂದು ನೋಡಿದರೆ ಗಾಳಿಯ ಬಲ ಎಷ್ಟೆಂದು ಲೆಕ್ಕ ಹಾಕಬಹುದು. ಹಿಡಿದ ಕೈಯೇ ತಕ್ಕಡಿಯೂ ಆಯಿತು! ಆದರೆ ಮಾದರಿ ದೊಡ್ಡದಾದಷ್ಟೂ ಸುರುಳಿಗಳು ಭಾರೀ ಗಾತ್ರದವಾಗಬೇಕು. ಆದ್ದರಿಂದ ದೊಡ್ಡ ಸುರಂಗಗಳಲ್ಲಿ ಸರಳಿಗೇ ಇನ್ನೂ ಕೆಲಸ. ಕರೆಂಟು ಹೋದರಂತೂ ತೇಲುವ ಮಾದರಿ ಬಿದ್ದಂತೆಯೇ. ನಮ್ಮೂರಿನ ಮಳೆಗಾಲಕ್ಕೆ ಇದು ಹೊಂದದು.

ಪಾಲಕರೇ, "ಅದನ್ನು ತೆಗೆದರೆ ಏನಾಗುತ್ತದೆ?" ಎಂದು ಮಕ್ಕಳು ಕೇಳಿದರೆ ನನ್ನ ಹಾಗೆ ಅವಸರದ ಉತ್ತರ ಕೊಡಬೇಡಿ. "ನೋಡೋಣ" ಎನ್ನಿ. ಆ ಹುಡುಗಿ ಈಗೆಲ್ಲಿದ್ದಾಳೋ. ಇದನ್ನು ಓದಿದರೆ, ಮಗಳೇ, ಅಂದಿನ ಪ್ರಶ್ನೆಗೆ ಉತ್ತರ ಇದು.