ಹೋಯ್ ಆನ್‌ಗೆ ಹಾರುವವರು ಭಟ್ಕಳದಲ್ಲಿ ಯಾಕೆ ಇಳಿಯುವುದಿಲ್ಲ?

ನಮ್ಮ ಓರಗೆಯವರಿಗೆ ಈಗ ವಿಯೆಟ್ನಾಂ ಹೊಸ ಗೋಕರ್ಣ. ಮೂರು ದಿನ ರಜೆ ಸಿಕ್ಕರೆ ಓಂ ಬೀಚಿಗೆ ಹೊರಡುತ್ತಿದ್ದ ಗೆಳೆಯರು ಈಗ ಐದು ದಿನ ಸಿಕ್ಕರೆ ದಾ ನಾಂಗ್‌ಗೆ ಹೊರಡುತ್ತಾರೆ. ಅವರ ಒಂದು ದಿನದ ಸುತ್ತಾಟ ನನಗೆ ಬಾಯಿಪಾಠವಾಗಿಬಿಟ್ಟಿದೆ. ಬೆಳಿಗ್ಗೆ ಬಾ ನಾ ಬೆಟ್ಟದಲ್ಲಿ ಎರಡು ದೈತ್ಯ ಕೈಗಳು ಎತ್ತಿ ಹಿಡಿದಂತಿರುವ ಚಿನ್ನದ ಸೇತುವೆ, ಇಳಿದು ಬಂದ ಮೇಲೆ ಒಂದು ಕೆಫೆ. ಮಧ್ಯಾಹ್ನ ಅಮೃತಶಿಲೆಯ ಗುಡ್ಡಗಳು, ಆಮೇಲೆ ತೆಂಗಿನಹಾಲಿನ ಕಾಫಿ ಕೊಡುವ ಇನ್ನೊಂದು ಕೆಫೆ. ಸಂಜೆ ಹೋಯ್ ಆನ್‌ನ ಹಳೆಯ ಬೀದಿ, ರೇಷ್ಮೆಯ ಗೂಡುದೀಪಗಳು, ಹೊಳೆಯಲ್ಲಿ ದೋಣಿ, ಮತ್ತೆ ಹೊಳೆಯಂಚಿನ ಮೂರನೆಯ ಕೆಫೆ. ರಾತ್ರಿ ಹತ್ತರ ಹೊತ್ತಿಗೆ ಎಲ್ಲವೂ ಸ್ಟೇಟಸ್ಸಿನಲ್ಲಿ.

ಈ ಸುತ್ತಾಟದ ಮೇಲೆ ನನಗೆ ಸಿಟ್ಟಿಲ್ಲ. ದುಡಿದು ಉಳಿಸಿದ ದುಡ್ಡಿನಲ್ಲಿ ನಾಲ್ಕು ಜನ ಗೆಳೆಯರು ಸಮುದ್ರ ದಾಟಿ ಹೋಗಿ ಕಾಫಿ ಕುಡಿದು ಬಂದರೆ ಯಾರ ಗಂಟೂ ಹೋಗುವುದಿಲ್ಲ. ನನ್ನ ತಕರಾರು ಇರುವುದು ಅವರು ಬಂದ ಮೇಲೆ ಆಡುವ ಒಂದು ಮಾತಿನ ಬಗ್ಗೆ. 'ಹೋಯ್ ಆನ್ ಎಂಥಾ ಊರು ಗೊತ್ತಾ? ಜಪಾನಿನವರು, ಚೀನಾದವರು, ಡಚ್ಚರು ಎಲ್ಲ ಒಂದೇ ಬೀದಿಯಲ್ಲಿ ಬಾಳಿದ್ದಾರೆ. ನಮ್ಮಲ್ಲಿ ಅಂಥದ್ದು ಎಲ್ಲಿದೆ?' ಇದೆ, ಬನ್ನಿ, ನಮ್ಮ ಮುಟ್ಟಳ್ಳಿಗೆ ಬನ್ನಿ, ಮಗ್ಗುಲಲ್ಲೇ ಭಟ್ಕಳ, ಒಂದು ದಿನ ನಾನೇ ತೋರಿಸುತ್ತೇನೆ ಎಂದರೆ ಬರುವ ಪ್ರಶ್ನೆ ಒಂದೇ: 'ಭಟ್ಕಳಾನಾ? ಅಲ್ಲಿ ಸೇಫಾ ಮಾರಾಯ?'

ಹೋಯ್ ಆನ್ ಮೆಚ್ಚಿದ ಬಾಯಿಯೇ ಭಟ್ಕಳದ ಬಗ್ಗೆ ಈ ಪ್ರಶ್ನೆ ಕೇಳುತ್ತದೆ ಎಂದರೆ ಆ ಮೆಚ್ಚುಗೆಯನ್ನೇ ಸ್ವಲ್ಪ ಅನುಮಾನಿಸಬೇಕಾಗುತ್ತದೆ.

ಮೊದಲು ಹೋಯ್ ಆನ್ ಎಂದರೇನು ನೋಡೋಣ. ತು ಬೋನ್ ನದಿ ಕಡಲು ಸೇರುವಲ್ಲಿದ್ದ ಹಳೆಯ ಬಂದರು. ಜಪಾನಿ ವ್ಯಾಪಾರಿಗಳು ಕಟ್ಟಿಸಿದ ಮಾಡಿನ ಸೇತುವೆ, ಚೀನೀಯರ ಸಭಾಗೃಹಗಳು, ಮರದ ಅಂಗಡಿಮನೆಗಳು ಅಲ್ಲಿವೆ. ನದಿಯಲ್ಲಿ ಹೂಳು ತುಂಬಿ ವ್ಯಾಪಾರ ದಾ ನಾಂಗ್‌ಗೆ ಸರಿಯಿತು. ವ್ಯಾಪಾರ ಹೋದದ್ದರಿಂದಲೇ ಹಳೆಯ ಮನೆಗಳನ್ನು ಕೆಡವಿ ಹೊಸದು ಕಟ್ಟುವ ಅವಸರ ಯಾರಿಗೂ ಇರಲಿಲ್ಲ. ಪೋಲೆಂಡಿನ ವಾಸ್ತುಶಿಲ್ಪಿ ಕಾಜಿಮಿಯೆಜ್ ಕ್ವಿಯಾಟ್ಕೋವ್‌ಸ್ಕಿ ಅದರ ಬೆಲೆ ಗುರುತಿಸಿ ಉಳಿಸಲು ದುಡಿದರು. 1999ರಲ್ಲಿ ಯುನೆಸ್ಕೋ ಪಟ್ಟಿಗೆ ಸೇರಿತು. ಈಗ ಹಳೆಯ ಪೇಟೆಗೆ ಟಿಕೆಟ್ ಇದೆ, ಆ ಹಣ ರಿಪೇರಿಗೆ ಹೋಗುತ್ತದೆ.

ಈಗ ಭಟ್ಕಳ. ಇದೂ ಹೊಳೆಬಾಯಿಯ ಹಳೆಯ ಬಂದರು. 16ನೇ ಶತಮಾನದ ಮೊದಲಲ್ಲಿ ಪೋರ್ಚುಗೀಸ್ ಬರಹಗಾರ ದುವಾರ್ತೆ ಬಾರ್ಬೋಸ ಇಲ್ಲಿಂದ ಅಕ್ಕಿ, ಸಕ್ಕರೆ, ಕಬ್ಬಿಣ ಹಡಗೇರುವುದನ್ನೂ ಹೊರ್ಮುಜ್‌ನಿಂದ ಕುದುರೆಗಳು ಬಂದಿಳಿಯುವುದನ್ನೂ ಬರೆದ. ವಿಜಯನಗರಕ್ಕೆ ಹೊರಟ ದೊಮಿಂಗೊ ಪಯಸ್‌ನ ದಾರಿ ಶುರುವಾಗುವುದೇ ಈ ಕಡೆಯಿಂದ. ಸಾವಿರಾರು ಹೇರೆತ್ತುಗಳು ಸರಕು ಹೊತ್ತು ಘಟ್ಟ ಹತ್ತುವುದು ಅವನ ಬರಹದಲ್ಲಿದೆ. ಹಂಪಿಯ ಗೋಡೆಗಳ ಮೇಲೆ ನಾವು ಬೆರಗಾಗಿ ನೋಡುವ ಕುದುರೆಗಳ ಸಾಲಿಗೂ ಈ ಬಂದರಿಗೂ ನಂಟಿದೆ.

ಆ ಕಾಲದ ಊರು ಹಾಳಾಗಿಲ್ಲ, ಇನ್ನೂ ನಿಂತಿದೆ. ಮೂಡಭಟ್ಕಳದಲ್ಲಿ ಕೇತಪೈ ನಾರಾಯಣ ದೇವಸ್ಥಾನವಿದೆ. ಮಳೆನಾಡಿನ ಮರದ ಮನೆಯ ಇಳಿಜಾರು ಮಾಡನ್ನೇ ಕಲ್ಲುಚಪ್ಪಡಿಯಲ್ಲಿ ಕಟ್ಟಿದ್ದಾರೆ, ಗಾಳಿ ಬೆಳಕಿಗೆ ಕಲ್ಲಿನ ಜಾಲಂಧ್ರ ಇಟ್ಟಿದ್ದಾರೆ, ಗೋಡೆಯಲ್ಲಿ ರಾಮಾಯಣ ಕೊರೆದಿದ್ದಾರೆ. ಅಡಿಕೆ ನಾರಾಯಣ, ಜೋಶಿ ಶಂಕರನಾರಾಯಣ, ಶಾಂತಪ್ಪ ನಾಯಕ ತಿರುಮಲ: ಇವು ಇಲ್ಲಿನ ದೇವಸ್ಥಾನಗಳ ಹೆಸರು. ಇಷ್ಟು ಪಕ್ಕಾ ಪೇಟೆಯ ವಾಸನೆ ಇರುವ ದೇವರ ಹೆಸರುಗಳು ಬೇರೆಲ್ಲಿವೆ? ಪೇಟೆಯಲ್ಲಿ ಜಟ್ಟಪ್ಪ ನಾಯಕನ ಚಂದ್ರನಾಥೇಶ್ವರ ಬಸದಿ, ಮುಂದೆ ಮಾನಸ್ತಂಭ. ಜನ ಚಿನ್ನದ ಪಳ್ಳಿ ಎಂದು ಕರೆಯುವ ಜಾಮಿಯಾ ಮಸೀದಿ. 1630ರ ದಶಕದಲ್ಲಿ ವ್ಯಾಪಾರಕ್ಕೆ ಬಂದು ಇಲ್ಲೇ ತೀರಿಕೊಂಡ ಇಂಗ್ಲಿಷರ ಗೋರಿಗಳು. ಇವೆಲ್ಲದರ ನಡುವೆ, ಕೊಂಕಣಿಯ ಬುಡಕ್ಕೆ ಪಾರ್ಸಿ, ಅರಬ್ಬಿ ಪದಗಳು ಬೆರೆತು, ಅರಬ್ಬಿ ಮೂಲದ ಲಿಪಿಯಲ್ಲಿ ಬರೆಯುವ ನವಾಯತಿ ಎಂಬ ಜೀವಂತ ಭಾಷೆ. ಶಾಬಂದ್ರಿ ಎಂಬ ಮನೆತನದ ಹೆಸರು ಇಲ್ಲಿ ಸಾಮಾನ್ಯ. ಅದರೊಳಗೆ ಶಾಹ್‌ಬಂದರ್, ಅಂದರೆ ಬಂದರಿನ ಅಧಿಕಾರಿ, ಇನ್ನೂ ಕೂತಿದ್ದಾನೆ. ಹೋಯ್ ಆನ್‌ನಲ್ಲಿ ಜಪಾನಿಯರ ಸೇತುವೆ ಉಳಿದಿದೆ, ಆ ಕಾಲದ ಜಪಾನಿಯರು ಉಳಿದಿಲ್ಲ. ಭಟ್ಕಳದಲ್ಲಿ ಬಂದವರೇ ಉಳಿದು ಊರಿನವರಾಗಿದ್ದಾರೆ.

ಹಾಗಿದ್ದೂ ಬಸ್ಸುಗಳು ಇಲ್ಲಿ ನಿಲ್ಲುವುದಿಲ್ಲ. ಜೋಗ, ಮುರುಡೇಶ್ವರ, ಇಡಗುಂಜಿ, ಗೋಕರ್ಣ ಎಂದು ಒಂದೇ ದಿನದಲ್ಲಿ ಮುಗಿಸುವ ಪ್ರವಾಸದವರು ಹದಿನೈದು ಕಿಲೋಮೀಟರಿನ ಆಸುಪಾಸಿನಲ್ಲಿರುವ ಮುರುಡೇಶ್ವರಕ್ಕೆ ಬಂದು, 123 ಅಡಿಯ ಶಿವನ ಮುಂದೆ ನಿಂತು, ಇಪ್ಪತ್ತು ಅಂತಸ್ತಿನ ಗೋಪುರವನ್ನು ಲಿಫ್ಟಿನಲ್ಲಿ ಹತ್ತಿ ಇಳಿದು ಹೋಗುತ್ತಾರೆ. ಅಲ್ಲಿ ಭಕ್ತಿಯಿಂದ ಕೈ ಮುಗಿಯುವವರ ಬಗ್ಗೆ ನನ್ನದೇನೂ ಮಾತಿಲ್ಲ. ಆದರೆ ಫೋಟೋಕ್ಕಾಗಿ ಬರುವವರಿಗೆ ಒಂದು ಮಾತು. ಬಾ ನಾ ಬೆಟ್ಟದ ಆ ದೈತ್ಯ ಕೈಗಳು ಪಾಚಿ ಹಿಡಿದ ಹಳೆಯ ಕಲ್ಲಿನಂತೆ ಕಾಣುತ್ತವೆ. ಅವು ಫೈಬರ್ ಗ್ಲಾಸಿನವು, ಸೇತುವೆ ಜನರಿಗೆ ತೆರೆದದ್ದು 2018ರಲ್ಲಿ. ಎರಡೂ ಕಡೆ ದೊಡ್ಡದನ್ನು ನೋಡಿ ಹಳೆಯದನ್ನು ನೋಡಿದ ತೃಪ್ತಿ ಪಡೆಯುತ್ತೇವೆ.

'ಭಟ್ಕಳದಲ್ಲಿ ಸೌಲಭ್ಯ ಎಲ್ಲಿದೆ?' ಎನ್ನುವವರಿದ್ದಾರೆ. ಮಾತು ಸುಳ್ಳಲ್ಲ. ಸ್ಮಾರಕಗಳು ಪುರಾತತ್ವ ಇಲಾಖೆಯ ರಕ್ಷಣೆಯಲ್ಲಿವೆ ಎಂಬ ನೀಲಿ ಫಲಕ ಬಿಟ್ಟರೆ ದಾರಿ ಹೇಳುವವರಿಲ್ಲ. ಶರಾಬಿ ಹೊಳೆಗೆ ಕೊಳಚೆ ಸೇರುತ್ತಿದೆ ಎಂದು ದಡದ ಮನೆಯವರು ವರ್ಷಗಳಿಂದ ಕೂಗುತ್ತಿದ್ದಾರೆ. ಆದರೆ ಸೌಲಭ್ಯವೇ ಕಾರಣವಾಗಿದ್ದರೆ ನಮ್ಮ ಗೆಳೆಯರು ಸೊಳ್ಳೆ, ಜಿಗಣೆ ಕಚ್ಚಿಸಿಕೊಂಡು ಕುದ್ಲೆ ಬೀಚಿನ ಗುಡಿಸಲಲ್ಲಿ, ಪಶ್ಚಿಮಘಟ್ಟದ ಚಾರಣದಲ್ಲಿ ರಾತ್ರಿ ಕಳೆಯುತ್ತಿರಲಿಲ್ಲ. ಅಲ್ಲಿ ಅದಕ್ಕೆ ಸಾಹಸ ಎಂದು ಹೆಸರು. ಭಟ್ಕಳದ ವಿಷಯಕ್ಕೆ ಬಂದಾಗ ಮಾತ್ರ ಶೌಚಾಲಯದ ನೆನಪಾಗುತ್ತದೆ.

ನಿಜವಾದ ಕಾರಣ ಹೆದರಿಕೆ. ಅದಕ್ಕೂ ಇತಿಹಾಸವಿದೆ, ಅದನ್ನು ಮುಚ್ಚಿಟ್ಟು ಸೌಹಾರ್ದದ ಹಾಡು ಹಾಡುವುದು ನನಗೆ ಬೇಕಿಲ್ಲ. 1993ರ ಗಲಭೆ ತಿಂಗಳುಗಟ್ಟಲೆ ಊರನ್ನು ಸುಟ್ಟಿತು, ತನಿಖೆಗೆ ಆಯೋಗ ಬಂತು. 1996ರಲ್ಲಿ ಶಾಸಕ ಡಾ. ಯು. ಚಿತ್ತರಂಜನ್ ಅವರನ್ನು ಗುಂಡಿಟ್ಟು ಕೊಂದರು. ಆಮೇಲೆ ಭಯೋತ್ಪಾದನೆಯ ಪ್ರಕರಣಗಳಲ್ಲಿ ಸಿಕ್ಕವರ ಹೆಸರಿನ ಹಿಂದೆ ಊರಿನ ಹೆಸರು ಅಡ್ಡಹೆಸರಾಗಿ ಅಂಟಿತು. ಅಂದಿನಿಂದ ಟೀವಿಯಲ್ಲಿ ಭಟ್ಕಳ ಎಂಬುದು ಊರಲ್ಲ, ಆರೋಪ. ಹೊರಗೆ ಓದಲು ಹೋಗಿ ಬಾಡಿಗೆಗೆ ಕೋಣೆ ಹುಡುಕುವ ಇಲ್ಲಿನ ಹುಡುಗರಿಗೆ ಇದರ ರುಚಿ ಗೊತ್ತು. ಊರು ಯಾವುದು ಎಂದು ಕೇಳಿದರೆ 'ಹೊನ್ನಾವರದ ಹತ್ತಿರ' ಎಂದು ಹೇಳಿ ದಾಟಿಕೊಳ್ಳುವವರು ಹಿಂದೂಗಳಲ್ಲೂ ಇದ್ದಾರೆ, ಮುಸ್ಲಿಮರಲ್ಲೂ ಇದ್ದಾರೆ. ನಮ್ಮ ಮುಟ್ಟಳ್ಳಿಯ ಹೆಸರು ರಾಜ್ಯದ ಪತ್ರಿಕೆಗಳಲ್ಲಿ ದೊಡ್ಡದಾಗಿ ಬಂದದ್ದು 2022ರ ಆಗಸ್ಟಿನಲ್ಲಿ, ಮಳೆಗೆ ಗುಡ್ಡ ಕುಸಿದು ಒಂದೇ ಮನೆಯ ನಾಲ್ವರು ಸತ್ತಾಗ. ಬೆಂಕಿ ಹತ್ತಿದಾಗ, ಗುಡ್ಡ ಬಿದ್ದಾಗ ಮಾತ್ರ ಕಾಣುವ ಊರಿನ ಬಗ್ಗೆ ಹೆದರಿಕೆಯಲ್ಲದೆ ಇನ್ನೇನು ಹುಟ್ಟಬೇಕು?

ಹಾಗಾದರೆ ವಿಯೆಟ್ನಾಂ ನೆತ್ತರು ಕಾಣದ ನಾಡೇ? ಹೋಯ್ ಆನ್‌ಗೆ ಹೋದವರು ಅಲ್ಲಿಂದ ಸ್ವಲ್ಪ ದೂರದ ಮಿ ಸನ್ ಕಣಿವೆಗೂ ಹೋಗುತ್ತಾರೆ. ಚಂಪಾ ಅರಸರು ಕಟ್ಟಿಸಿದ ಇಟ್ಟಿಗೆಯ ಶಿವಾಲಯಗಳ ಮುಂದೆ ನಿಂತು ಎದೆಯುಬ್ಬಿಸುತ್ತಾರೆ. 1969ರಲ್ಲಿ ಅಮೆರಿಕದ ವಿಮಾನಗಳು ಬಾಂಬು ಹಾಕಿ ಅಲ್ಲಿನ ಮುಖ್ಯ ಗುಡಿಯನ್ನೇ ಪುಡಿಗಟ್ಟಿದವು. ನಮ್ಮದೇ ಪುರಾತತ್ವ ಇಲಾಖೆಯವರು ಅಲ್ಲಿಗೆ ಹೋಗಿ ಕೆಲವು ಗುಡಿಗಳನ್ನು ಎತ್ತಿ ನಿಲ್ಲಿಸಿದರು. 2020ರಲ್ಲಿ ಆ ಕೆಲಸದ ನಡುವೆ 9ನೇ ಶತಮಾನದ ಶಿವಲಿಂಗ ಸಿಕ್ಕಾಗ ಇಲ್ಲಿ ಸಂಭ್ರಮವೋ ಸಂಭ್ರಮ. ಇನ್ನು ಗೂಡುದೀಪಗಳ ಕೆಳಗೆ ಕಾಣುವ ಚೀನೀ ಸಭಾಗೃಹಗಳ ವಿಚಾರ. 1978-79ರ ಹೊತ್ತಿಗೆ ಆ ದೇಶದ ಚೀನೀ ಮೂಲದವರು ಲಕ್ಷಗಟ್ಟಲೆ ಸಂಖ್ಯೆಯಲ್ಲಿ ದೇಶ ಬಿಟ್ಟರು. ಸಿಕ್ಕ ದೋಣಿ ಹತ್ತಿದವರಲ್ಲಿ ಎಷ್ಟೋ ಜನ ಕಡಲಲ್ಲೇ ಮುಳುಗಿದರು. ಕೆಫೆಯ ಮೇಜಿನ ಮೇಲೆ ಈ ಕಥೆ ಬರುವುದಿಲ್ಲ. ಯಾರೂ 'ಅಲ್ಲಿ ಸೇಫಾ' ಎಂದು ಕೇಳುವುದಿಲ್ಲ.

ನನ್ನ ಮಾತು ಇಷ್ಟೇ. ದೂರದ ಊರಿನ ಬೆರಕೆ ನಮಗೆ ಹಿಡಿಸುವುದು ಅದು ನಮ್ಮಿಂದ ಏನನ್ನೂ ಕೇಳುವುದಿಲ್ಲ ಎಂಬ ಕಾರಣಕ್ಕೆ. ಅದಕ್ಕೆ ಟಿಕೆಟ್ ಕೊಂಡರೆ ಸಾಕು, ಅದರ ಜೊತೆ ಬಾಳಬೇಕಿಲ್ಲ. ಹತ್ತಿರದ ಬೆರಕೆಗೆ ಬೇಡಿಕೆಗಳಿವೆ. ಅದು ನಮ್ಮ ಚುನಾವಣೆಯಲ್ಲಿ ಮತ ಹಾಕುತ್ತದೆ, ನಮ್ಮ ಮನೆಯ ಪಕ್ಕ ಬಾಡಿಗೆಗೆ ಬರುತ್ತದೆ, ನಮ್ಮ ಪಠ್ಯದಲ್ಲಿ ಜಾಗ ಕೇಳುತ್ತದೆ. ಅದಕ್ಕೇ ಅದರ ಮುಂದೆ ಬಸ್ಸು ನಿಲ್ಲಿಸುವುದಿಲ್ಲ.

ಕಾಫಿಯ ವಿಚಾರವೂ ಇಷ್ಟೇ. 1946ರಲ್ಲಿ ಹಾಲಿಗೆ ಬರ ಬಂದಾಗ ಹನೋಯ್‌ನ ಗುಯೆನ್ ವಾನ್ ಜಾಂಗ್ ಎಂಬಾತ ಮೊಟ್ಟೆಯ ಹಳದಿ ಕಡೆದು ಕಾಫಿಗೆ ಹಾಕಿದ ಕಥೆಯನ್ನು ನಮ್ಮ ಗೆಳೆಯರು ರಸವತ್ತಾಗಿ ಹೇಳುತ್ತಾರೆ. ಚಿಕ್ಕಮಗಳೂರಿನ ಕಾಫಿಯ ಕಥೆ ಅದಕ್ಕಿಂತ ಹಳೆಯದು: ಬಾಬಾ ಬುಡನ್ ಯೆಮೆನ್‌ನಿಂದ ಏಳು ಬೀಜ ತಂದು ಗಿರಿಯಲ್ಲಿ ಬಿತ್ತಿದರು ಎಂಬ ಐತಿಹ್ಯ. ಅದೇ ಗಿರಿಯ ಗುಹೆ ಯಾರದು ಎಂದು ನಾವು ದಶಕಗಳಿಂದ ಕೋರ್ಟಿನಲ್ಲೂ ಬೀದಿಯಲ್ಲೂ ಬಡಿದಾಡುತ್ತಿದ್ದೇವೆ. ಮೊಟ್ಟೆ ಕಾಫಿಯ ಕಥೆ ಸಿಹಿ, ನಮ್ಮ ಕಾಫಿಯ ಕಥೆ ಕಹಿ. ಕಹಿಯನ್ನು ಕುಡಿಯಲು ಕಲಿತವರು ಅದರ ಕಥೆಯನ್ನು ಕೇಳಲು ಯಾಕೆ ಕಲಿಯಬಾರದು?

ಈ ಕರಾವಳಿಗೆ ಹಿಂದೆ ಬಂದ ಪ್ರವಾಸಿಗಳು ಏನು ನೋಡಿದರು? 14ನೇ ಶತಮಾನದಲ್ಲಿ ಹೊನ್ನಾವರಕ್ಕೆ ಬಂದ ಇಬ್ನ್ ಬತೂತ ಹೆಣ್ಣುಮಕ್ಕಳ 13 ಶಾಲೆಗಳು, ಗಂಡುಮಕ್ಕಳ 23 ಶಾಲೆಗಳು ಇವೆ ಎಂದು ಬರೆದ. 1623ರಲ್ಲಿ ಹೊನ್ನಾವರದಿಂದ ಗೇರುಸೊಪ್ಪೆ ದಾಟಿ ಇಕ್ಕೇರಿಗೆ ಹೊರಟ ಪಿಯೆತ್ರೊ ದೆಲ್ಲಾ ವಾಲ್ಲೆ ದಾರಿಯಲ್ಲಿ ಮಕ್ಕಳು ಮರಳ ಮೇಲೆ ಬೆರಳಲ್ಲಿ ಬರೆಯುತ್ತ, ರಾಗವಾಗಿ ಹೇಳುತ್ತ ಲೆಕ್ಕ ಕಲಿಯುವುದನ್ನು ಕಂಡು ನಿಂತು ವಿಚಾರಿಸಿದ. ಅವರಿಗೂ ತಮ್ಮ ತಮ್ಮ ಪೂರ್ವಗ್ರಹಗಳಿದ್ದವು. ಆದರೂ ಶಾಲೆಯ ಮಕ್ಕಳ ಮುಂದೆ ನಿಲ್ಲುವಷ್ಟು ಪುರುಸೊತ್ತು ಇತ್ತು. ಹೊನ್ನಾವರದವರೇ ಆದ ಕೃಷ್ಣಾನಂದ ಕಾಮತರು 'ನಾನೂ ಅಮೆರಿಕೆಗೆ ಹೋಗಿದ್ದೆ' ಬರೆದರು, ಬಂಗಾಳ, ಬಸ್ತಾರ ಸುತ್ತಿ ಬರೆದರು. ಅದೇ ಕಣ್ಣನ್ನು ಊರಿಗೂ ತಂದು, ಕರಾವಳಿಯ ಗುಡಿಗೋಡೆಗಳ ಮೇಲೆ ಸುಣ್ಣದ ನಡುವೆ ಕೆಮ್ಮಣ್ಣಿನಲ್ಲಿ ಮೂಡಿದ ಕಾವಿ ಚಿತ್ರಗಳನ್ನು ದಾಖಲಿಸಿದರು. ದೂರ ಹೋಗುವುದರಿಂದ ಹತ್ತಿರದ್ದು ಕಾಣಬೇಕು. ಇಲ್ಲದಿದ್ದರೆ ಪ್ರವಾಸಕಥನಕ್ಕೂ ವಿಮಾನದ ಟಿಕೆಟ್ಟಿಗೂ ಏನು ವ್ಯತ್ಯಾಸ?

ತಪ್ಪು ಹೊರಗಿನವರದ್ದು ಮಾತ್ರವೂ ಅಲ್ಲ. ಭಟ್ಕಳದ ಎಷ್ಟು ಹಿಂದೂ ಹುಡುಗರು ಪೇಟೆಯ ಹಳೆಯ ನವಾಯತ ಮನೆಯೊಂದರ ಒಳಗೆ ಕಾಲಿಟ್ಟಿದ್ದಾರೆ? ದುಬೈಯ ಓಣಿಓಣಿ ಬಲ್ಲ ಎಷ್ಟು ನವಾಯತ ಹುಡುಗರು ಕೇತಪೈ ದೇವಸ್ಥಾನದ ಸುತ್ತ ಒಂದು ಸುತ್ತು ಬಂದಿದ್ದಾರೆ? ಹನುಮಂತ ದೇವರ ತೇರಿಗೆ ಮುಂಚೆ ದೇವಸ್ಥಾನದವರು ಮುಸ್ಲಿಂ ಮನೆತನವೊಂದಕ್ಕೆ ಹೋಗಿ ಕರೆಯುವ ರೂಢಿ ಇಲ್ಲಿದೆ. ವರ್ಷಕ್ಕೊಮ್ಮೆ ಹಿರಿಯರು ಹಿರಿಯರನ್ನು ಕರೆಯುತ್ತಾರೆ. ಕಿರಿಯರು ಕಿರಿಯರನ್ನು ಕರೆಯುವುದು ಯಾವಾಗ? ಶಾಲೆಯ ಪ್ರವಾಸದ ಬಸ್ಸು ಬೇಲೂರು ಹಳೇಬೀಡಿಗೆ ಹೊರಡುತ್ತದೆ, ಹೊರಡಲಿ. ಅದಕ್ಕೆ ಮೊದಲು ಒಂದು ಶನಿವಾರ ಮಕ್ಕಳನ್ನು ನಡೆಸಿಕೊಂಡು ಬಸದಿ, ದೇವಸ್ಥಾನ, ಮಸೀದಿ, ಗೋರಿ ನಾಲ್ಕನ್ನೂ ತೋರಿಸಲು ಡೀಸೆಲ್ಲೂ ಬೇಡ, ಅನುದಾನವೂ ಬೇಡ.

ಭಟ್ಕಳ ಇನ್ನೊಂದು ಹೋಯ್ ಆನ್ ಆಗಬೇಕೆಂಬ ಆಸೆ ನನಗಿಲ್ಲ. ದೀಪದಂಗಡಿಗಳು ಬಂದು, ಬಾಡಿಗೆ ಏರಿ, ಮಲ್ಲಿಗೆ ಕಟ್ಟಿ ಮಾರುವವರು ಪೇಟೆ ಬಿಡುವಂತಾಗುವುದು ಬೇಡ. ನನಗೆ ಬೇಕಾದದ್ದು ನಿಮ್ಮ ಒಂದು ದಿನ. ಬೆಳಿಗ್ಗೆ ರೈಲಿಳಿಯಿರಿ. ಮೂಡಭಟ್ಕಳಕ್ಕೆ ನಡೆಯಿರಿ. ದಾರಿಯ ಯಾವುದಾದರೂ ಚಾ ಅಂಗಡಿಯಲ್ಲಿ ಬನ್ಸ್ ತಿನ್ನಿ, ಮಧ್ಯಾಹ್ನ ಪೇಟೆಯಲ್ಲಿ ಭಟ್ಕಳಿ ಬಿರಿಯಾನಿಯೋ ಮೀನೂಟವೋ ಮಾಡಿ. ಎದುರಿಗೆ ಕೂತವರನ್ನು ಮಾತಾಡಿಸಿ. ಅವರು ಮಳೆಯ ಬಗ್ಗೆ ಹೇಳುತ್ತಾರೆ, ಗಲ್ಫಿನಲ್ಲಿರುವ ಮಗನ ಬಗ್ಗೆ ಹೇಳುತ್ತಾರೆ, ಹೆದ್ದಾರಿಗೆ ಹೋದ ಜಾಗದ ಬಗ್ಗೆ ಹೇಳುತ್ತಾರೆ, ಹೊಂದಿಕೆಯಾದರೆ 1993ರ ಬಗ್ಗೆಯೂ ಹೇಳಬಹುದು. ಕೇಳಿಸಿಕೊಳ್ಳಿ. ಆಮೇಲೂ ಹೋಯ್ ಆನ್ ಚಂದ ಎನ್ನಿಸಿದರೆ ಧಾರಾಳವಾಗಿ ಹೇಳಿ, ಜಗಳವಿಲ್ಲ. 'ನಮ್ಮಲ್ಲಿ ಅಂಥದ್ದು ಎಲ್ಲಿದೆ' ಎಂಬ ಮಾತನ್ನು ಮಾತ್ರ ಅಲ್ಲಿಯವರೆಗೆ ಆಡಬೇಡಿ.